ಕಚೇರಿಯ ಫೋನು ಇಂಟರ್ನೆಟ್‌ಗೆ: ನಮ್ಮ ಜಿಲ್ಲೆಯ ಲೆಕ್ಕ

ಉತ್ತರ ಕನ್ನಡ ಜಿಲ್ಲೆಯ ಶಿರಸಿಯಲ್ಲಿ ವ್ಯಾಪಾರಸ್ಥರು, ಸಹಕಾರಿ ಸಂಘಗಳ ಸಿಬ್ಬಂದಿ, ಲಾಡ್ಜ್ ಮತ್ತು ಹೋಂಸ್ಟೇ ನಡೆಸುವವರ ಎದುರು ಮಾಡಿದ ಉಪನ್ಯಾಸವನ್ನು ಓದಿಗೆ ಹೊಂದುವಂತೆ ತಿದ್ದಿ ಬರೆದದ್ದು. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಇಂಟರ್ನೆಟ್ ಫೋನ್ ವ್ಯವಸ್ಥೆಯನ್ನು ಮಾರಲು ಬರುವವರು ಮೊದಲು ಎತ್ತುವುದು ಬಿಲ್ಲಿನ ಮಾತು. ಕರೆಯ ಖರ್ಚು ಅರ್ಧಕ್ಕೆ ಇಳಿಯುತ್ತದೆ ಎನ್ನುತ್ತಾರೆ. ನಿಮಿಷಕ್ಕೆ ಇಷ್ಟು ಎಂದು ಹಣ ಎಣಿಸುವ ಕಡೆ ಆ ಮಾತಿಗೆ ತೂಕವಿದೆ. ನಮ್ಮಲ್ಲಿ ತಿಂಗಳಿಗೊಮ್ಮೆ ರೀಚಾರ್ಜ್ ಮಾಡಿದರೆ ದೇಶದ ಯಾವ ಮೂಲೆಗಾದರೂ ಮಾತಾಡಬಹುದು, ನಿಮಿಷ ಎಣಿಸುವವರಿಲ್ಲ. ಆದ್ದರಿಂದ ಶಿರಸಿಯ ಅಡಿಕೆ ವಖಾರಿಯವರಿಗಾಗಲಿ ಕಾರವಾರದ ಲಾಡ್ಜ್ ಮಾಲೀಕರಿಗಾಗಲಿ ನಾನು ಕರೆ ದರದ ಆಸೆ ತೋರಿಸುವುದಿಲ್ಲ. ಉಳಿತಾಯ ಇದೆ, ಅದು ಬೇರೆ ದಾರಿಯಿಂದ ಬರುತ್ತದೆ. ಅದರ ಮಾತು ಆಮೇಲೆ.

ಫೋನಿನಿಂದ ನಮ್ಮ ವ್ಯಾಪಾರಕ್ಕೆ ಆಗುವ ದೊಡ್ಡ ನಷ್ಟ ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ. ಹಂಗಾಮಿನಲ್ಲಿ ಬೆಳಿಗ್ಗೆ ಹತ್ತರಿಂದ ಒಂದು ಗಂಟೆಯವರೆಗೆ ವಖಾರಿಯ ಲೈನ್ ಬಿಡುವಿಲ್ಲದೆ ಎಂಗೇಜ್ ಇರುತ್ತದೆ. ಬೆಳೆಗಾರ ಎರಡು ಸಲ ಪ್ರಯತ್ನಿಸುತ್ತಾನೆ, ಮೂರನೆಯ ಸಲ ಪಕ್ಕದ ವಖಾರಿಗೆ ಫೋನ್ ಮಾಡುತ್ತಾನೆ. ಮುರ್ಡೇಶ್ವರಕ್ಕೆ ಹೊರಟ ಹುಬ್ಬಳ್ಳಿಯ ಕುಟುಂಬ ಲಾಡ್ಜಿನ ಬೋರ್ಡಿನಲ್ಲಿದ್ದ ಸಂಖ್ಯೆಗೆ ಕರೆ ಮಾಡುತ್ತದೆ. ಹಿಂದಿನ ರಾತ್ರಿಯ ಗಾಳಿಗೆ ಮರ ಬಿದ್ದು ಲೈನ್ ಸತ್ತಿರುತ್ತದೆ. ಆ ಕೋಣೆ ಖಾಲಿ ಉಳಿದದ್ದು ಏಕೆ ಎಂದು ಮಾಲೀಕರಿಗೆ ಎಂದೂ ತಿಳಿಯುವುದಿಲ್ಲ. ಎತ್ತದೆ ಹೋದ ಕರೆಗೆ ಯಾರೂ ಬಿಲ್ ಕಳಿಸುವುದಿಲ್ಲವಲ್ಲ.

ನಾನು ಇಂದು ಹೇಳಲು ಬಂದಿರುವುದು ಇಷ್ಟೇ. ಕಚೇರಿಯ ಸಂಖ್ಯೆಯನ್ನು ತಂತಿಯಿಂದ, ಮೇಜಿನಿಂದ, ಕಟ್ಟಡದಿಂದ ಬಿಡಿಸಬಹುದು. ಇಂಟರ್ನೆಟ್ ಕರೆಯಿಂದ ನಮ್ಮ ಜಿಲ್ಲೆಗೆ ಸಿಗುವ ಮುಖ್ಯ ಲಾಭ ಅದೇ. ಆದರೆ ಕರೆಂಟು ಮತ್ತು ಕೇಬಲ್ಲನ್ನು ಮಳೆಗಾಲಕ್ಕೆ ಮೊದಲೇ ಸರಿಮಾಡಿಕೊಂಡವರಿಗೆ ಮಾತ್ರ ಆ ಲಾಭ ಕೈಗೆ ಬರುತ್ತದೆ. ಉಳಿದವರಿಗೆ ಹೊಸ ತಲೆನೋವು.

ಸ್ವಲ್ಪ ಹಿಂದಿನದನ್ನು ನೆನಪಿಸಿಕೊಳ್ಳೋಣ. ಇಲ್ಲಿ ಕುಳಿತಿರುವ ಹಿರಿಯರಲ್ಲಿ ಹಲವರು ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾದವರು. ಆಪರೇಟರ್ ನೆರವಿಲ್ಲದೆ ಒಂದೂರಿನಿಂದ ಇನ್ನೊಂದೂರಿಗೆ ನೇರವಾಗಿ ಡಯಲ್ ಮಾಡುವ ಎಸ್‌ಟಿಡಿ ದೇಶದಲ್ಲಿ ಮೊದಲು ಬಂದದ್ದು 1960ರಲ್ಲಿ, ಕಾನ್ಪುರ ಮತ್ತು ಲಖನೌ ನಡುವೆ. ಹಳ್ಳಿಗಳಿಗೆ ಅದು ತಲುಪಲು ಇನ್ನೂ ಕಾಲು ಶತಮಾನ ಬೇಕಾಯಿತು. 1984ರಲ್ಲಿ ದೂರಸಂಪರ್ಕ ತಂತ್ರಜ್ಞಾನ ರೂಪಿಸುವ ಸರ್ಕಾರಿ ಸಂಸ್ಥೆ ಸಿ-ಡಾಟ್ ಹುಟ್ಟಿತು. ಸ್ಯಾಮ್ ಪಿತ್ರೋಡಾ ಮತ್ತು ಅವರ ಜೊತೆಗಿದ್ದ ತರುಣ ಎಂಜಿನಿಯರುಗಳು ಗ್ರಾಮೀಣ ಭಾರತಕ್ಕೆಂದೇ 128 ಲೈನುಗಳ ಚಿಕ್ಕ ಡಿಜಿಟಲ್ ಎಕ್ಸ್‌ಚೇಂಜ್ ರೂಪಿಸಿದರು. 1986ರಲ್ಲಿ ಅದು ಮೊದಲು ಕೆಲಸಕ್ಕೆ ಇಳಿದದ್ದು ನಮ್ಮ ನೆರೆಯ ಕಿತ್ತೂರಿನಲ್ಲಿ. ಆ ಯಂತ್ರಕ್ಕೆ ಹವಾನಿಯಂತ್ರಿತ ಕೋಣೆ ಬೇಕಾಗಿರಲಿಲ್ಲ, ಸೆಕೆಯಲ್ಲೂ ಧೂಳಿನಲ್ಲೂ ನಡೆಯುತ್ತಿತ್ತು. ಯಾವ ಊರಿನಲ್ಲಿ ನಡೆಯಬೇಕೋ ಆ ಊರಿನ ಹವೆಯನ್ನು ಮೊದಲು ಲೆಕ್ಕಕ್ಕೆ ಹಿಡಿದ ಆ ಎಂಜಿನಿಯರುಗಳ ಬಗ್ಗೆ ನನಗೆ ಅಪಾರ ಗೌರವವಿದೆ. ನಾವೂ ಹಾಗೆಯೇ ಲೆಕ್ಕ ಹಾಕಬೇಕಾಗಿದೆ.

ಇಂಟರ್ನೆಟ್ ಕರೆ ಎಂದರೆ ಇನ್ನೂ ನಂಬಿಕೆ ಹುಟ್ಟದ ಹೊಸ ಪ್ರಯೋಗ ಎಂದು ಯಾರೂ ಭಾವಿಸುವುದು ಬೇಡ. 1995ರಲ್ಲೇ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಇಂಟರ್ನೆಟ್ ಮೇಲೆ ಮಾತಾಡುವ ತಂತ್ರಾಂಶ ಮಾರಾಟಕ್ಕೆ ಬಂದಿತ್ತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಶುರುವಾದಾಗ ಅದರ ಪ್ರತಿಯೊಂದು ಕರೆಯೂ ಇಂಟರ್ನೆಟ್ ಬಳಸುವ ವಿಧಾನದಲ್ಲೇ ಸಾಗುತ್ತಿತ್ತು, ಹಳೆಯ ಮಾದರಿಯ ಕರೆ ಆ ಜಾಲದಲ್ಲಿ ಇರಲೇ ಇಲ್ಲ. ಮನೆಗೆ ಫೈಬರ್ ಹಾಕಿಸಿಕೊಂಡು ಅದರ ಪೆಟ್ಟಿಗೆಯ ಹಿಂದೆ ಲ್ಯಾಂಡ್‌ಲೈನ್ ಸಿಕ್ಕಿಸಿದವರೂ ಇದನ್ನೇ ಬಳಸುತ್ತಿದ್ದಾರೆ. ಬ್ರಿಟನ್ ತನ್ನ ಹಳೆಯ ಲ್ಯಾಂಡ್‌ಲೈನ್ ಜಾಲವನ್ನು ಪೂರ್ತಿ ಮುಚ್ಚಲು 2027ರ ಜನವರಿಯ ಗಡುವು ಇಟ್ಟುಕೊಂಡಿದೆ. ನಮ್ಮ ಜೇಬಿನ ಫೋನು ಎಂದೋ ಆ ಕಡೆಗೆ ಹೋಗಿಯಾಗಿದೆ. ಹಿಂದೆ ಉಳಿದಿರುವುದು ಕಚೇರಿಯ ಗೋಡೆಯ ಮೇಲಿನ ಪೆಟ್ಟಿಗೆ.

ಆ ಪೆಟ್ಟಿಗೆಯ ಬಗ್ಗೆ ಬಿಡಿಸಿ ಹೇಳಲೇಬೇಕು. ಯಾವ ಸಂಘದ ಕಚೇರಿಗೆ ಹೋದರೂ ಕ್ಯಾಷಿಯರ್ ಬೆನ್ನ ಹಿಂದೆ, ಕ್ಯಾಲೆಂಡರಿನ ಪಕ್ಕ, ಬಿಳಿಯೋ ಬೂದಿಯೋ ಬಣ್ಣದ ಇಂಟರ್‌ಕಾಂ ಪೆಟ್ಟಿಗೆ ನೇತಾಡುತ್ತಿರುತ್ತದೆ. ಮುಚ್ಚಳ ತೆಗೆದರೆ ಒಳಗೆ ಎರಡು ಬಗೆಯ ಕಾರ್ಡುಗಳು: ಹೊರಗಿನ ಲೈನುಗಳಿಗೆ ಒಂದು, ಒಳಗಿನ ಫೋನುಗಳಿಗೆ ಇನ್ನೊಂದು. ಕೆಳಗಿನಿಂದ ಬಣ್ಣಬಣ್ಣದ ಜೋಡಿ ತಂತಿಗಳು ಮೇಲೆದ್ದು ಬರುತ್ತವೆ. ಯಾವ ಜೋಡಿ ಯಾವ ಮೇಜಿಗೆ ಎಂದು ಪೆನ್ಸಿಲಿನಲ್ಲಿ ಬರೆದಿಟ್ಟ ಚೀಟಿ ಮಾಸಿಹೋಗಿರುತ್ತದೆ. ಆ ತಂತಿಗಳ ಒಂದು ತುದಿ ಈ ಕಾರ್ಡಿನಲ್ಲಿ, ಇನ್ನೊಂದು ತುದಿ ಕಂಬದಿಂದ ಕಂಬಕ್ಕೆ ಹಾದು ಎಕ್ಸ್‌ಚೇಂಜಿನಲ್ಲಿ. ಏಪ್ರಿಲ್, ಮೇ ತಿಂಗಳ ಸಂಜೆ ಘಟ್ಟದ ಮೇಲೆ ಗುಡುಗು ಶುರುವಾದರೆ ಆ ತಾಮ್ರ ಸಿಡಿಲಿನ ಆಘಾತವನ್ನು ನೇರವಾಗಿ ಕಾರ್ಡಿಗೆ ತಂದು ಮುಟ್ಟಿಸುತ್ತದೆ. ಮರುದಿನ ಮುಚ್ಚಳ ತೆಗೆದಾಗ ಬರುವ ಸುಟ್ಟ ವಾಸನೆ ನಿಮ್ಮಲ್ಲಿ ಹಲವರಿಗೆ ಗೊತ್ತು. ಕಾರ್ಡು ಹುಬ್ಬಳ್ಳಿಯಿಂದ ಬರಬೇಕು, ಹಳೆಯ ಮಾದರಿಯಾದರೆ ಎಲ್ಲಿಯೂ ಸಿಗುವುದಿಲ್ಲ. ಕರಾವಳಿಯಲ್ಲಿ ಸಿಡಿಲಿನ ಜೊತೆಗೆ ಉಪ್ಪುಗಾಳಿಯ ಕಾಟ. ಕಾರವಾರ, ಅಂಕೋಲಾ, ಹೊನ್ನಾವರಗಳಲ್ಲಿ ತಾಮ್ರದ ಜಾಯಿಂಟುಗಳು ಹಸಿರುಗಟ್ಟುತ್ತವೆ, ಮಳೆ ಬಿದ್ದೊಡನೆ ಕಿವಿಯಲ್ಲಿ ಗರಗರ ಶುರು.

ಫೈಬರ್ ಎಂದರೆ ಗಾಜಿನ ಎಳೆ. ಅದರಲ್ಲಿ ಬೆಳಕು ಹರಿಯುತ್ತದೆ, ವಿದ್ಯುತ್ತು ಹರಿಯುವುದಿಲ್ಲ. ಹೀಗಾಗಿ ಎಕ್ಸ್‌ಚೇಂಜಿನ ಕಡೆಯಿಂದ ಸಿಡಿಲು ಒಳನುಗ್ಗುವ ದಾರಿ ಮುಚ್ಚಿಹೋಗುತ್ತದೆ. ಘಟ್ಟದ ಮೇಲಿನ ಕಚೇರಿಗಳಿಗೆ ಇದೊಂದೇ ಕಾರಣ ಸಾಕು ಎಂದು ನಾನು ತಿಳಿದಿದ್ದೇನೆ. ಎರಡು ಎಚ್ಚರಿಕೆ ಮಾತ್ರ ಇರಲಿ. ಕೆಲವು ಕೇಬಲ್ಲುಗಳಲ್ಲಿ ಬಲಕ್ಕೆಂದು ಉಕ್ಕಿನ ತಂತಿ ಇರುತ್ತದೆ, ಅದನ್ನು ಕಟ್ಟಡದ ಹೊರಗೇ ಕತ್ತರಿಸಿ ಕಟ್ಟಿಸಬೇಕು. ಕರೆಂಟಿನ ಕಡೆಯಿಂದ ಸಿಡಿಲು ಬರುವುದಕ್ಕೆ ತಡೆಯಿಲ್ಲ, ಆದ್ದರಿಂದ ಒಳ್ಳೆಯ ಅರ್ಥಿಂಗ್ ಬೇಕೇ ಬೇಕು.

ಇನ್ನು ಕರೆ ಹೇಗೆ ಸಾಗುತ್ತದೆ ಎಂದು ನೋಡೋಣ. ಬನವಾಸಿಯ ಬೆಳೆಗಾರರೊಬ್ಬರು ಇಂದಿನ ರಾಶಿ ಅಡಿಕೆಯ ದರ ಕೇಳಲು ಶಿರಸಿಗೆ ಫೋನ್ ಮಾಡುತ್ತಾರೆ. ನಿಮ್ಮ ಗುಮಾಸ್ತರು ಎತ್ತಿ ‘ಹಲೋ’ ಎನ್ನುತ್ತಾರೆ. ಮೇಜಿನ ಮೇಲಿನ ಫೋನು ಆ ದನಿಯನ್ನು ಸೆಕೆಂಡಿಗೆ 8,000 ಸಲ ಅಳೆಯುತ್ತದೆ, ಪ್ರತಿ ಅಳತೆಯನ್ನೂ 8 ಬಿಟ್‌ಗಳಲ್ಲಿ ಬರೆದಿಡುತ್ತದೆ. ಅಂದರೆ ಸೆಕೆಂಡಿಗೆ 64 ಕಿಲೋಬಿಟ್. ಸೆಕೆಂಡಿನ 50ರಲ್ಲೊಂದು ಭಾಗದ ಮಾತು ಸೇರಿದ ಕೂಡಲೇ, ಅಂದರೆ 160 ಬೈಟ್ ಆದ ಕೂಡಲೇ, ಅದನ್ನು ಒಂದು ಪ್ಯಾಕೆಟ್ ಮಾಡಿ ಮೇಲೆ 40 ಬೈಟುಗಳ ವಿಳಾಸ ಬರೆದು ಕಳಿಸುತ್ತದೆ. ಅರ್ಧ ಸೆಕೆಂಡಿನ ‘ಹಲೋ’ 25 ಪ್ಯಾಕೆಟ್ ಆಗಿ ಹೊರಡುತ್ತದೆ. ದೂರಸಂಪರ್ಕ ಕಂಪನಿಯ ಕೇಂದ್ರ ಅವನ್ನು ಮತ್ತೆ ದನಿಯಾಗಿ ಜೋಡಿಸಿ ಬನವಾಸಿಯ ಮೊಬೈಲಿಗೆ ಮುಟ್ಟಿಸುತ್ತದೆ. ಒಂದು ಕರೆಗೆ ಪ್ರತಿ ದಿಕ್ಕಿನಲ್ಲಿ ಸುಮಾರು 80ರಿಂದ 90 ಕಿಲೋಬಿಟ್ ವೇಗ ಬೇಕು. ಹತ್ತು ಜನ ಒಟ್ಟಿಗೆ ಮಾತಾಡಿದರೂ ಒಂದು ಮೆಗಾಬಿಟ್ ಒಳಗೆ ಮುಗಿಯಿತು. ‘ನಮ್ಮಲ್ಲಿ ಅಷ್ಟು ಸ್ಪೀಡ್ ಇಲ್ಲ’ ಎಂಬ ಅಂಜಿಕೆಗೆ ಆಧಾರವಿಲ್ಲ.

ಕೆಡಿಸುವುದು ವೇಗದ ಕೊರತೆ ಎನ್ನುವುದಕ್ಕಿಂತ ಪ್ಯಾಕೆಟ್ ತಡವಾಗುವುದು. ಬಾಯಿಂದ ಕಿವಿಗೆ 150 ಮಿಲಿಸೆಕೆಂಡ್ ಒಳಗೆ ತಲುಪಿದರೆ ಮಾತು ಸಹಜವಾಗಿರುತ್ತದೆ ಎನ್ನುವುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಅಳತೆಗೋಲು. ದೂರದಿಂದ ಆಗುವ ತಡ ಅತ್ಯಲ್ಪ. ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ, 400 ಕಿಲೋಮೀಟರ್ ದೂರದ ಬೆಂಗಳೂರಿಗೆ 2 ಮಿಲಿಸೆಕೆಂಡ್ ಸಾಕು. ತಡವಾಗುವುದು ನಮ್ಮ ಕಚೇರಿಯ ಒಳಗೇ. ಸಿಸಿ ಕ್ಯಾಮೆರಾದ ದೃಶ್ಯಗಳು ಹೊರಗೆ ಅಪ್‌ಲೋಡ್ ಆಗುತ್ತಿರುವಾಗ ಅದೇ ದಾರಿಯಲ್ಲಿ ಹೊರಟ ದನಿಯ ಪ್ಯಾಕೆಟ್, ದೇವಿಮನೆ ಘಟ್ಟದ ತಿರುವಿನಲ್ಲಿ ಲಾರಿಯ ಹಿಂದೆ ಸಿಕ್ಕ ಬೈಕಿನಂತೆ ಕಾಯಬೇಕಾಗುತ್ತದೆ. ಮಾತು ತುಂಡು ತುಂಡಾಗಿ ಕೇಳುತ್ತದೆ. ದನಿಗೆ ಮೊದಲ ದಾರಿ ಬಿಡು ಎಂದು ರೂಟರಿಗೆ ಹೇಳಿಡುವ ಸೌಲಭ್ಯವಿದೆ, ಅದನ್ನು ಹಾಕಿಸಿಕೊಳ್ಳಿ. ಮೇಜಿನ ಫೋನುಗಳನ್ನು ವೈಫೈ ಮೇಲೆ ಬಿಡದೆ ಕೇಬಲ್ಲಿನಿಂದಲೇ ಜೋಡಿಸಿ. ಈ ಎರಡು ಕೆಲಸ ಮಾಡಿದರೆ ‘ಇಂಟರ್ನೆಟ್ ಫೋನಿನಲ್ಲಿ ದನಿ ಸರಿ ಕೇಳುವುದಿಲ್ಲ’ ಎಂಬ ದೂರುಗಳಲ್ಲಿ ಬಹುಪಾಲು ನಿಂತುಹೋಗುತ್ತವೆ.

ಈಗ ಲಾಭದ ಮಾತಿಗೆ ಬರುತ್ತೇನೆ. ತಾಮ್ರದ ಒಂದು ಜೋಡಿಯಲ್ಲಿ ಒಂದು ಹೊತ್ತಿಗೆ ಒಂದೇ ಮಾತು. ನಾಲ್ಕು ಜನ ಒಟ್ಟಿಗೆ ಕರೆ ಮಾಡಬೇಕೆಂದರೆ ನಾಲ್ಕು ಲೈನ್, ನಾಲ್ಕು ಬಾಡಿಗೆ. ದೊಡ್ಡ ಕಂಪನಿಗಳು ಪಿಆರ್‌ಐ ಎಂಬ ಲೈನ್ ಹಾಕಿಸಿಕೊಳ್ಳುತ್ತಿದ್ದವು, ಅದರಲ್ಲಿ ಒಮ್ಮೆಗೇ 30 ಕರೆ. ಬೆಂಗಳೂರಿನ ಆಸ್ಪತ್ರೆಗೆ ಅದು ಸರಿ, ಸಿದ್ದಾಪುರದ ಸಂಘಕ್ಕೆ ಅಷ್ಟೆಲ್ಲ ಏಕೆ? ಇಂಟರ್ನೆಟ್ ಲೈನಿನಲ್ಲಿ ಬೇಕಾದಷ್ಟೇ ತೆಗೆದುಕೊಳ್ಳಬಹುದು: ಒಂದೇ ಸಂಖ್ಯೆ, ಒಟ್ಟಿಗೆ ಐದು ಕರೆ, ಹಂಗಾಮಿನಲ್ಲಿ ಹತ್ತು. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬರುತ್ತದೆ. ಆ ತಿಂಗಳು ಶಿರಸಿಯ ಲಾಡ್ಜುಗಳ ಫೋನಿಗೆ ಉಸಿರಾಡಲು ಬಿಡುವಿರುವುದಿಲ್ಲ. ಆ ತಿಂಗಳಿಗೆ ಮಾತ್ರ ಹೆಚ್ಚು ಕರೆಗಳ ಸೌಲಭ್ಯ ಪಡೆದು, ತೇರು ಮುಗಿದ ಮೇಲೆ ಬಿಟ್ಟುಬಿಡಬಹುದು. ಗೋಡೆ ಕೊರೆಯುವ ಕೆಲಸವಿಲ್ಲ.

ಶಿರಸಿಯಲ್ಲಿ ಮುಖ್ಯ ಕಚೇರಿ, ಸಿದ್ದಾಪುರ, ಯಲ್ಲಾಪುರ, ಕುಮಟಾಗಳಲ್ಲಿ ಶಾಖೆ ಇರುವವರಿಗೆ ಇನ್ನೂ ಹೆಚ್ಚಿನ ಅನುಕೂಲ. ಇಂದು ಸದಸ್ಯರೊಬ್ಬರು ಶಿರಸಿಗೆ ಫೋನ್ ಮಾಡಿದರೆ ‘ಅದು ಯಲ್ಲಾಪುರದ ಲೆಕ್ಕ, ಅಲ್ಲಿಯೇ ಕೇಳಿ, ನಂಬರ್ ಬರೆದುಕೊಳ್ಳಿ’ ಎನ್ನುತ್ತೇವೆ. ಎಲ್ಲ ಶಾಖೆಗಳೂ ಒಂದೇ ವ್ಯವಸ್ಥೆಯೊಳಗಿದ್ದರೆ ಗುಮಾಸ್ತರು ಎರಡು ಬಟನ್ ಒತ್ತಿ ಅದೇ ಕರೆಯನ್ನು ಯಲ್ಲಾಪುರದ ಮೇಜಿಗೆ ದಾಟಿಸುತ್ತಾರೆ. ಕೇಳುವವರು ಫೋನ್ ಇಡಬೇಕಾಗಿಲ್ಲ, ತಮ್ಮ ಕಥೆಯನ್ನು ಮತ್ತೆ ಮೊದಲಿನಿಂದ ಹೇಳಬೇಕಾಗಿಲ್ಲ. ಐವತ್ತು ಕಿಲೋಮೀಟರ್ ದೂರದ ಶಾಖೆ ಪಕ್ಕದ ಕೋಣೆಯಾಗುತ್ತದೆ.

ಇದಕ್ಕಿಂತ ಗಂಭೀರವಾದ ಸಂಗತಿ ಒಂದಿದೆ. ಅನೇಕ ಅಂಗಡಿಗಳಲ್ಲಿ ಇಂದು ಲ್ಯಾಂಡ್‌ಲೈನ್ ಇಲ್ಲ. ಕೆಲಸದ ಹುಡುಗನ ಸ್ವಂತ ಮೊಬೈಲೇ ಅಂಗಡಿಯ ಫೋನು, ಅವನ ವಾಟ್ಸಾಪೇ ಆರ್ಡರ್ ಪುಸ್ತಕ. ಅವನು ಒಳ್ಳೆಯವನೇ. ಆದರೆ ನಾಳೆ ಬೆಂಗಳೂರಿಗೆ ಕೆಲಸಕ್ಕೆ ಹೊರಟುಹೋದರೆ ಹತ್ತು ವರ್ಷಗಳ ಗಿರಾಕಿಗಳ ಸಂಖ್ಯೆಗಳೆಲ್ಲ ಅವನ ಜೇಬಿನಲ್ಲಿ ಹೋಗುತ್ತವೆ. ಗಿರಾಕಿಗಳು ಕರೆ ಮಾಡುವುದೂ ಅವನಿಗೇ. ಕೆಲಸಗಾರ್ತಿಯರ ಮಟ್ಟಿಗೆ ಹೇಳುವುದಾದರೆ, ತಮ್ಮ ಸ್ವಂತ ಸಂಖ್ಯೆಯನ್ನು ಗೊತ್ತಿಲ್ಲದವರಿಗೆಲ್ಲ ಕೊಡಬೇಕಾಗಿ ಬರುವುದು ಅನ್ಯಾಯ. ರಾತ್ರಿ ಹತ್ತು ಗಂಟೆಗೆ ಬರುವ ಕರೆಗಳ ಕಷ್ಟ ಅನುಭವಿಸಿದವರಿಗೇ ಗೊತ್ತು. ಇಂಟರ್ನೆಟ್ ವ್ಯವಸ್ಥೆಯ ಆ್ಯಪ್ ಅವರ ಮೊಬೈಲಿನಲ್ಲಿದ್ದರೆ, ಹೊರಟ ಕರೆಯಲ್ಲಿ ಕಾಣುವುದು ಸಂಸ್ಥೆಯ ಸಂಖ್ಯೆ. ಸಂಜೆ ಆರಕ್ಕೆ ಆ್ಯಪ್ ಮುಚ್ಚಿದರೆ ಅವರ ಸಂಜೆ ಅವರದು. ಸಂಸ್ಥೆಯ ಗಿರಾಕಿ ಸಂಸ್ಥೆಗೇ ಉಳಿಯುತ್ತಾನೆ, ಕೆಲಸಗಾರರ ಖಾಸಗಿತನ ಅವರಿಗೆ ಉಳಿಯುತ್ತದೆ.

ಕಟ್ಟಡದಿಂದ ಬಿಡಿಸುವುದು ಎಂದೆನಲ್ಲ, ಅದರ ಅರ್ಥ 2024ರ ಜುಲೈಯಲ್ಲಿ ನಮ್ಮ ಜಿಲ್ಲೆಗೆ ತಿಳಿಯಿತು. ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿಹೋಯಿತು. ಜೀವ ಹೋದವರ ದುಃಖದ ಎದುರು ವ್ಯಾಪಾರದ ಮಾತು ಚಿಕ್ಕದು, ಅದನ್ನು ಮರೆತು ನಾನು ಈ ಮಾತು ಎತ್ತುತ್ತಿಲ್ಲ. ಆದರೆ ಕುಮಟಾದಿಂದ ಕಾರವಾರಕ್ಕೆ ದಿನವೂ ಓಡಾಡುವವರ ದಾರಿ ಎಷ್ಟೋ ದಿನ ಕಡಿದಿತ್ತು. ಮರು ತಿಂಗಳ 7ರಂದು ಕಾರವಾರ ಮತ್ತು ಸದಾಶಿವಗಡದ ನಡುವೆ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಇಂಥ ದಿನಗಳಲ್ಲಿ ಕಚೇರಿಗೆ ತಲುಪಲಾಗದ ಸಿಬ್ಬಂದಿ ಮನೆಯಿಂದಲೇ ಕಚೇರಿಯ ಫೋನ್ ಎತ್ತುವಂತಿದ್ದರೆ ಔಷಧಿ ವಿತರಕರ, ಗ್ಯಾಸ್ ಏಜೆನ್ಸಿಯ, ಆಸ್ಪತ್ರೆಯ ವಿಚಾರಣೆಯ ಕೆಲಸ ನಿಲ್ಲುವುದಿಲ್ಲ. ಮೇಜಿಗೆ ಕಟ್ಟಿದ ಫೋನು ಬೀಗ ಹಾಕಿದ ಕೋಣೆಯಲ್ಲಿ ಒಂದೇ ಸಮನೆ ರಿಂಗಾಗುತ್ತದೆ, ಅಷ್ಟೇ.

ಇಲ್ಲಿ ಒಂದು ಆಯ್ಕೆ ಮಾಡಬೇಕಾಗುತ್ತದೆ. ಎಕ್ಸ್‌ಚೇಂಜಿನ ಕೆಲಸ ಮಾಡುವ ಕಂಪ್ಯೂಟರನ್ನು ನಮ್ಮ ಕಚೇರಿಯಲ್ಲೇ ಇಡಬಹುದು. 1999ರಲ್ಲಿ ಅಮೆರಿಕದ ಮಾರ್ಕ್ ಸ್ಪೆನ್ಸರ್ ಎಂಬ ತರುಣ ಬರೆದ ಆಸ್ಟರಿಸ್ಕ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಹಳೆಯ ಕಂಪ್ಯೂಟರಿನ ಮೇಲೂ ನಡೆಯುತ್ತದೆ. ನಮ್ಮ ಹುಡುಗರು ಅದನ್ನು ಕಲಿಯಬೇಕು, ಅದರಿಂದ ಒಳ್ಳೆಯ ಉದ್ಯೋಗವೂ ಆಗುತ್ತದೆ. ಇಲ್ಲವೇ ದೂರದ ಡೇಟಾ ಸೆಂಟರಿನಲ್ಲಿ ಬೇರೆಯವರು ನಡೆಸುವ ವ್ಯವಸ್ಥೆಯನ್ನು ತಿಂಗಳ ಬಾಡಿಗೆಗೆ ತೆಗೆದುಕೊಳ್ಳಬಹುದು. ನೋಡಿಕೊಳ್ಳಲು ಊರಲ್ಲೇ ಒಬ್ಬ ಜಾಣ ಇದ್ದರೆ ಮೊದಲನೆಯದು ಅಗ್ಗ. ಆದರೂ ಮಲೆನಾಡಿನ ಚಿಕ್ಕ ಕಚೇರಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ. ನಿಮ್ಮ ಕಚೇರಿಯ ಫೈಬರ್ ಕಡಿದರೂ, ಕರೆಂಟು ಹೋದರೂ ಅದು ಅಲ್ಲಿ ಎಚ್ಚರವಾಗಿರುತ್ತದೆ. ಬಂದ ಕರೆಯನ್ನು ಮ್ಯಾನೇಜರ್ ಮೊಬೈಲಿಗೆ ತಿರುಗಿಸುತ್ತದೆ.

ಈಗ ಕರೆಂಟು. ಹಳೆಯ ಲ್ಯಾಂಡ್‌ಲೈನಿನ ಒಂದು ದೊಡ್ಡ ಗುಣವನ್ನು ಒಪ್ಪಿಕೊಳ್ಳಲೇಬೇಕು. ಊರೆಲ್ಲ ಕತ್ತಲಾದರೂ ಅದು ಮಾತಾಡುತ್ತಿತ್ತು. ಎಕ್ಸ್‌ಚೇಂಜಿನ ಬ್ಯಾಟರಿ ಕೋಣೆಯಿಂದ 48 ವೋಲ್ಟ್ ವಿದ್ಯುತ್ತು ಅದೇ ತಾಮ್ರದ ಮೇಲೆ ನಿಮ್ಮ ಮನೆಗೆ ಬರುತ್ತಿತ್ತು. ಗಾಜಿನ ಎಳೆಯಲ್ಲಿ ಸಿಡಿಲು ಬಾರದಿರಲು ಯಾವುದು ಕಾರಣವೋ, ಆ ವಿದ್ಯುತ್ತು ಬಾರದಿರಲೂ ಅದೇ ಕಾರಣ. ಇನ್ನು ಮುಂದೆ ಬ್ಯಾಟರಿ ಕೋಣೆಯ ಕೆಲಸ ನಿಮ್ಮದೇ. ಜೂನ್‌ನಿಂದ ಸೆಪ್ಟೆಂಬರ್ ತನಕ ತಂತಿಯ ಮೇಲೆ ಮರ ಬಿದ್ದು ಇಡೀ ದಿನ ಕರೆಂಟ್ ಇಲ್ಲದಿರುವುದು ನಮ್ಮಲ್ಲಿ ವಿಶೇಷವೇನಲ್ಲ.

ಲೆಕ್ಕ ಸುಲಭ. ಫೈಬರ್ ಪೆಟ್ಟಿಗೆ ಮತ್ತು ರೂಟರ್ ಸೇರಿ ಸುಮಾರು 20 ವ್ಯಾಟ್ ಎಂದಿಟ್ಟುಕೊಳ್ಳಿ. ಚಿಕ್ಕ ಯುಪಿಎಸ್ ಒಳಗಿನ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವುದು 84 ವ್ಯಾಟ್-ಅವರ್. ಕಾಗದದ ಮೇಲೆ ನಾಲ್ಕು ಗಂಟೆ, ಸೋರಿಕೆ ಕಳೆದರೆ ಮೂರು ಗಂಟೆ ಬಂದರೆ ಹೆಚ್ಚು. ನಮ್ಮ ಮಳೆಗಾಲಕ್ಕೆ ಇದು ಏನೇನೂ ಸಾಲದು. ನಿಮ್ಮ ಕಚೇರಿಯ ಇನ್ವರ್ಟರಿನ 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 1,800 ವ್ಯಾಟ್-ಅವರ್ ಇರುತ್ತದೆ. ಅದರ ಮೇಲೆ ಫ್ಯಾನು ದೀಪಗಳನ್ನು ಹೇರದೆ ಫೋನಿನ ಸಾಮಾನುಗಳಿಗೇ ಮೀಸಲಿಟ್ಟರೆ ಎರಡು ದಿನದ ಕತ್ತಲೆಯನ್ನು ದಾಟಿಸುತ್ತದೆ. ಮೇಜಿನ ಫೋನುಗಳನ್ನೂ ಮರೆಯಬೇಡಿ, ಒಂದೊಂದಕ್ಕೂ ಬೇರೆ ಅಡಾಪ್ಟರ್ ಇದ್ದರೆ ಕರೆಂಟು ಹೋದಾಗ ಎಲ್ಲವೂ ಸಾಯುತ್ತವೆ. ನೆಟ್‌ವರ್ಕ್ ಕೇಬಲ್ಲಿನ ಮೂಲಕವೇ ಫೋನುಗಳಿಗೆ ವಿದ್ಯುತ್ತು ಕೊಡುವ ಪಿಒಇ ಸ್ವಿಚ್ ಸಿಗುತ್ತದೆ. ಅದನ್ನೊಂದನ್ನು ಇನ್ವರ್ಟರಿಗೆ ಜೋಡಿಸಿದರೆ ಎಲ್ಲ ಮೇಜುಗಳ ಫೋನುಗಳೂ ಬದುಕುತ್ತವೆ. ಆ ಸ್ವಿಚ್ ಕೊಡುವುದೂ ಹೆಚ್ಚುಕಡಿಮೆ ಅದೇ 48 ವೋಲ್ಟ್. ಎಕ್ಸ್‌ಚೇಂಜಿನವರು ನಮಗೆ ಮಾಡುತ್ತಿದ್ದ ಉಪಕಾರವನ್ನು ನಮ್ಮ ಸಿಬ್ಬಂದಿಗೆ ನಾವು ಮಾಡುತ್ತೇವೆ. ಫೈಬರ್ ಕಡಿದಾಗ 4ಜಿ ಸಿಮ್ ಮೇಲೆ ತಾನಾಗಿ ಹೊರಳುವ ರೂಟರ್ ಹಾಕಿಸಿ. ಸಿಮ್ ಬೇರೆ ಕಂಪನಿಯದಿರಲಿ, ಒಂದೇ ಕಂಪನಿಯ ಎರಡು ದಾರಿಗಳು ಒಂದೇ ಕಡೆ ಕಡಿಯಬಹುದು.

ಉಳಿತಾಯದ ಮಾತು ಬಾಕಿ ಇಟ್ಟಿದ್ದೆ. ನಾಲ್ಕಾರು ಲೈನುಗಳ ಬಾಡಿಗೆ, ಇಂಟರ್‌ಕಾಂ ಪೆಟ್ಟಿಗೆಯ ವಾರ್ಷಿಕ ನಿರ್ವಹಣೆ, ಸಿಡಿಲಿಗೆ ಹೋದ ಕಾರ್ಡುಗಳು, ಮೇಜು ಜಾಗ ಬದಲಿಸಿದಾಗಲೆಲ್ಲ ತಂತಿ ಎಳೆಸಿದ ಕೂಲಿ, ಸಿಬ್ಬಂದಿಯ ಮೊಬೈಲ್ ರೀಚಾರ್ಜಿಗೆ ಕೊಟ್ಟದ್ದು: ಕಳೆದ ಮೂರು ವರ್ಷಗಳ ಈ ಖರ್ಚನ್ನು ಒಂದು ಹಾಳೆಯಲ್ಲಿ ಕೂಡಿಸಿ. ಹೊಸ ವ್ಯವಸ್ಥೆಯ ಬಾಡಿಗೆ, ಬ್ಯಾಟರಿ, ಫೋನುಗಳ ಬೆಲೆಯನ್ನು ಎದುರಿಗೆ ಬರೆಯಿರಿ. ಐದಾರು ಮೇಜುಗಳಿಗಿಂತ ದೊಡ್ಡ ಕಚೇರಿ, ಅಥವಾ ಎರಡಕ್ಕಿಂತ ಹೆಚ್ಚು ಶಾಖೆ ಇದ್ದರೆ ತಕ್ಕಡಿ ಹೊಸದರ ಕಡೆ ವಾಲುತ್ತದೆ ಎಂಬುದು ನನ್ನ ಅಂದಾಜು. ಒಬ್ಬರೇ ಕೂರುವ ಅಂಗಡಿಗೆ ಇದರ ಅಗತ್ಯವಿಲ್ಲ, ಅಂಗಡಿಗೆಂದೇ ಬೇರೆ ಸಿಮ್ ಇಟ್ಟುಕೊಂಡರೆ ಸಾಕು.

ಇದರ ಜೊತೆ ಸಿಗುವ ಇನ್ನೊಂದು ಸಂಪತ್ತು ಕರೆಗಳ ಪಟ್ಟಿ. ಯಾವ ಹೊತ್ತಿಗೆ ಎಷ್ಟು ಕರೆ ಬಂತು, ಎಷ್ಟು ಜನ ಕಾದು ಫೋನ್ ಇಟ್ಟರು, ಯಾವ ಸಂಖ್ಯೆಗೆ ತಿರುಗಿ ಕರೆ ಮಾಡಬೇಕು ಎಂಬುದೆಲ್ಲ ಸಂಜೆ ಒಂದೇ ಪುಟದಲ್ಲಿ ಕಾಣುತ್ತದೆ. ಎತ್ತದೆ ಹೋದ ಕರೆಗೆ ಬಿಲ್ ಇಲ್ಲ ಎಂದೆನಲ್ಲ, ಅದು ಕಾಣುವುದು ಇಲ್ಲಿ. ಮಾತನ್ನು ರೆಕಾರ್ಡ್ ಮಾಡುವ ಅನುಕೂಲವೂ ಇದೆ. ಹಾಗೆ ಮಾಡುವುದಾದರೆ ಕರೆ ಮಾಡಿದವರಿಗೆ ಮೊದಲೇ ತಿಳಿಸಿ. ಜನರ ಮಾಹಿತಿಯನ್ನು ಹೇಗೆ ಬಳಸಬೇಕೆಂದು ಹೇಳುವ ಕಾನೂನು 2023ರಲ್ಲಿ ಬಂದಿದೆ. ಕಾನೂನಿನ ಮಾತು ಹಾಗಿರಲಿ, ಕದ್ದು ರೆಕಾರ್ಡ್ ಮಾಡುವುದು ಊರಿನ ವ್ಯಾಪಾರಕ್ಕೆ ಶೋಭೆಯಲ್ಲ.

ಕಾನೂನಿನ ಮಾತು ಬಂದದ್ದರಿಂದ ಇನ್ನೆರಡು ಮಾತು. ಸೇವೆಯನ್ನು ಸರ್ಕಾರದ ಪರವಾನಗಿ ಇರುವ ದೂರಸಂಪರ್ಕ ಕಂಪನಿಯಿಂದ, ಇಲ್ಲವೇ ಅವರ ಅಧಿಕೃತ ಪಾಲುದಾರರಿಂದಲೇ ಪಡೆಯಿರಿ. ಯಾರೋ ಬಂದು ‘ಈ ಪೆಟ್ಟಿಗೆಯನ್ನು ನಿಮ್ಮ ಅಟ್ಟದಲ್ಲಿ ಇಡುತ್ತೇವೆ, ಕರೆಂಟು ಮತ್ತು ಇಂಟರ್ನೆಟ್ ಕೊಡಿ, ತಿಂಗಳಿಗೆ ಬಾಡಿಗೆ ಕೊಡುತ್ತೇವೆ’ ಎಂದರೆ ಬಾಗಿಲಿನಿಂದಲೇ ಕಳಿಸಿ. ಒಳಗೆ ಹತ್ತಾರು ಸಿಮ್ ಇಟ್ಟು, ಇಂಟರ್ನೆಟ್ ಮೂಲಕ ಬಂದ ವಿದೇಶಿ ಕರೆಗಳನ್ನು ಸ್ಥಳೀಯ ಕರೆಗಳಂತೆ ಬಿಡುವ ಅಕ್ರಮ ಎಕ್ಸ್‌ಚೇಂಜುಗಳು ನಡೆಯುವುದು ಹೀಗೆ. ಪೊಲೀಸರು ಮೊದಲು ಬರುವುದು ಜಾಗ ಕೊಟ್ಟವರ ಮನೆಗೆ.

ಕಳ್ಳರು ಹೊರಗಿನಿಂದಲೂ ಬರುತ್ತಾರೆ. ಇಂಟರ್ನೆಟ್ ಫೋನ್ ವ್ಯವಸ್ಥೆಗಳನ್ನು ಹುಡುಕುತ್ತ ಜಾಲದ ಬಾಗಿಲುಗಳನ್ನು ಒಂದೊಂದಾಗಿ ತಟ್ಟುವ ತಂತ್ರಾಂಶಗಳು ಹಗಲಿರುಳೂ ಓಡುತ್ತಿರುತ್ತವೆ. 101ನೇ ಮೇಜಿನ ಪಾಸ್‌ವರ್ಡ್ ಕೂಡ 101 ಆಗಿದ್ದರೆ ಶನಿವಾರ ರಾತ್ರಿ ಒಳಹೊಕ್ಕು ಸೋಮವಾರದೊಳಗೆ ನಿಮ್ಮ ಲೈನಿನಿಂದ ದೂರದ ದೇಶಗಳಿಗೆ ಸಾಲು ಸಾಲು ಕರೆ ಮಾಡಿರುತ್ತಾರೆ. ವಿದೇಶಿ ಕರೆ ಬೇಡದವರು ಅದನ್ನು ಪೂರ್ತಿ ಮುಚ್ಚಿಸಿ. ಪಾಸ್‌ವರ್ಡ್ ಉದ್ದವಾಗಿರಲಿ. ದಿನಕ್ಕೆ ಇಷ್ಟೇ ಖರ್ಚು ಎಂಬ ಮಿತಿ ಹಾಕಿಸಿ.

ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೊದಲನೆಯದು ಸಹಕಾರಿ ಸಂಘವೊಂದರ ಸಿಬ್ಬಂದಿಯದು: ‘ಸರ್, ನಮ್ಮ ಸದಸ್ಯರಲ್ಲಿ ವಯಸ್ಸಾದವರೇ ಹೆಚ್ಚು. ಒಂದು ಒತ್ತಿ, ಎರಡು ಒತ್ತಿ ಎಂದರೆ ಬೈದು ಫೋನ್ ಇಟ್ಟುಬಿಡುತ್ತಾರೆ.’ ಅವರು ಬೈಯುವುದು ಸರಿಯಾಗಿಯೇ ಇದೆ. ಮೆನು ಹಾಕಲೇಬೇಕೆಂಬ ಕಟ್ಟಳೆ ಏನೂ ಇಲ್ಲ. ಕರೆ ಬಂದೊಡನೆ ನಾಲ್ಕು ಮೇಜುಗಳ ಫೋನೂ ಒಟ್ಟಿಗೆ ರಿಂಗಾಗಲಿ, ಯಾರು ಬಿಡುವಾಗಿದ್ದಾರೋ ಅವರು ಎತ್ತಲಿ. ಮನುಷ್ಯರ ದನಿ ಕೇಳಲೆಂದು ಫೋನ್ ಮಾಡಿದವರಿಗೆ ಮನುಷ್ಯರೇ ಸಿಗಲಿ. ಕಚೇರಿ ಮುಚ್ಚಿದ ಮೇಲೆ ಮಾತ್ರ ಒಂದು ರೆಕಾರ್ಡಿಂಗ್ ಹಾಕಿಡಿ: ಆ ದಿನದ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಅಡಿಕೆಯ ಮತ್ತು ಕಾಳುಮೆಣಸಿನ ದರ, ನಿಮ್ಮದೇ ಸಿಬ್ಬಂದಿಯ ದನಿಯಲ್ಲಿ, ನಮ್ಮ ಕನ್ನಡದಲ್ಲಿ. ರಾತ್ರಿ ಎಂಟಕ್ಕೆ ದರ ತಿಳಿಯಬೇಕಾದವರು ಒತ್ತದೆ ಕೇಳಿಸಿಕೊಂಡು ಇಡುತ್ತಾರೆ.

ಜೋಯಿಡಾ ಕಡೆಯಿಂದ ಬಂದಿದ್ದ ಹೋಂಸ್ಟೇ ಮಾಲೀಕರೊಬ್ಬರು ಕೇಳಿದರು: ‘ನಮ್ಮಲ್ಲಿ ಮೊಬೈಲ್ ಸಿಗ್ನಲ್ಲೇ ಇಲ್ಲ, ಫೈಬರ್ ಮಾತ್ರ ಹೇಗೋ ಬಂದಿದೆ. ನಮಗೆ ಇಷ್ಟೆಲ್ಲ ಬೇಕೇ?’ ಬೇಡ. ನಿಮ್ಮ ಮೊಬೈಲಿನ ಸೆಟ್ಟಿಂಗಿನಲ್ಲಿ ವೈಫೈ ಕಾಲಿಂಗ್ ಎಂಬುದನ್ನು ಚಾಲೂ ಮಾಡಿ. 2019ರ ಡಿಸೆಂಬರಿನಲ್ಲಿ ಏರ್‌ಟೆಲ್, 2020ರ ಜನವರಿಯಲ್ಲಿ ಜಿಯೋ ಈ ಸೌಲಭ್ಯ ಶುರುಮಾಡಿದವು. ಟವರ್ ಸಿಗದಿದ್ದರೂ ಮನೆಯ ವೈಫೈ ಮೂಲಕ ನಿಮ್ಮ ಮಾಮೂಲು ಸಂಖ್ಯೆಗೇ ಕರೆ ಬರುತ್ತದೆ, ಹೋಗುತ್ತದೆ. ಅತಿಥಿಗಳಿಗೂ ತಿಳಿಸಿ, ಕಾಡಿನ ನಡುವೆ ಮನೆಯವರೊಡನೆ ಮಾತಾಡಲು ಅವರಿಗೂ ಅನುಕೂಲ. ರೂಟರಿಗೆ ಬ್ಯಾಟರಿ ಇರಲಿ. ಒಂದು ಎಚ್ಚರಿಕೆ: ತುರ್ತು ನೆರವಿನ 112ಕ್ಕೆ ಇಂಟರ್ನೆಟ್ ಮೂಲಕ ಕರೆ ಮಾಡಿದಾಗ ನೀವಿರುವ ಜಾಗ ಅಲ್ಲಿನವರಿಗೆ ಸರಿಯಾಗಿ ಕಾಣದೆ ಹೋಗಬಹುದು. ಮನೆಗೆ ಬರುವ ದಾರಿಯನ್ನು ಎರಡು ಸಾಲಿನಲ್ಲಿ ಬರೆದು ಫೋನಿನ ಪಕ್ಕ ಅಂಟಿಸಿಡಿ, ಗಾಬರಿಯಲ್ಲಿ ಯಾರಾದರೂ ಓದಿ ಹೇಳುವಂತಿರಲಿ.

ಕಾರವಾರದ ಮಂಜುಗಡ್ಡೆ ಕಾರ್ಖಾನೆಯವರೊಬ್ಬರ ಚಿಂತೆ ಹಳೆಯ ಸಂಖ್ಯೆಯದು. ಮೂವತ್ತು ವರ್ಷದಿಂದ ದೋಣಿಯವರಿಗೆಲ್ಲ ಬಾಯಿಪಾಠವಾದ, 08382 ಮುಂದಿರುವ ಸಂಖ್ಯೆ ಹೋಗಿಬಿಡುತ್ತದೆಯೇ ಎಂದು. ಅದೇ ಕಂಪನಿಯ ತಾಮ್ರದಿಂದ ಅದೇ ಕಂಪನಿಯ ಫೈಬರಿಗೆ ಹೋದರೆ ಸಾಮಾನ್ಯವಾಗಿ ಸಂಖ್ಯೆ ಉಳಿಯುತ್ತದೆ. ಅರ್ಜಿ ಕೊಡುವಾಗಲೇ ಬರಹದಲ್ಲಿ ಕೇಳಿ ಪಡೆಯಿರಿ. ಕಂಪನಿ ಬದಲಿಸಿದರೆ ಉಳಿಯುವುದಿಲ್ಲ. ಮೊಬೈಲಿಗೆ 2011ರಿಂದ ದೇಶಾದ್ಯಂತ ಇರುವ ಸಂಖ್ಯೆ ಉಳಿಸಿಕೊಳ್ಳುವ ಹಕ್ಕು ಲ್ಯಾಂಡ್‌ಲೈನಿಗೆ ಇನ್ನೂ ಬಂದಿಲ್ಲ, ಅದು ಬರಬೇಕೆಂದು ವ್ಯಾಪಾರಸ್ಥರ ಸಂಘಗಳು ಒತ್ತಾಯಿಸಬೇಕು. ಬದಲಿಸಲೇಬೇಕಾಗಿ ಬಂದರೆ ಹಳೆಯ ಲೈನನ್ನು ಒಂದು ವರ್ಷ ಇಟ್ಟುಕೊಂಡು, ಅದಕ್ಕೆ ಬಂದ ಕರೆಗಳನ್ನು ಹೊಸ ಸಂಖ್ಯೆಗೆ ತಿರುಗಿಸಿ.

ಕೊನೆಯ ಪ್ರಶ್ನೆ, ತಾಮ್ರದ ಲೈನುಗಳನ್ನು ಯಾವಾಗ ಕಡಿಸಬೇಕು ಎಂಬುದು. ಕಡಿಸುವ ಮೊದಲು ಅವುಗಳ ಮೇಲೆ ಫೋನಲ್ಲದೆ ಇನ್ನೇನು ಕುಳಿತಿದೆ ಎಂದು ತಂತಿ ಹಿಡಿದು ನೋಡಿ. ಲಾಕರ್ ಕೋಣೆಯ ಅಲಾರಾಂ, ಹಳೆಯ ಕಾರ್ಡ್ ಯಂತ್ರ, ಲಿಫ್ಟಿನ ಒಳಗಿನ ಫೋನು, ಮೂಲೆಯ ಫ್ಯಾಕ್ಸ್, ಇವೆಲ್ಲ ಸದ್ದಿಲ್ಲದೆ ಅದನ್ನೇ ನೆಚ್ಚಿಕೊಂಡಿರುತ್ತವೆ. ಒಂದನ್ನು ಬಿಟ್ಟು ಉಳಿದ ಲೈನುಗಳನ್ನು ಹೊಸ ವ್ಯವಸ್ಥೆ ಒಂದು ತಿಂಗಳು ಸರಿಯಾಗಿ ನಡೆದ ಮೇಲೆ ಕಡಿಸಬಹುದು. ಆ ಒಂದು ಮಾತ್ರ ಸೆಪ್ಟೆಂಬರ್ ಮುಗಿಯುವ ತನಕ ಇರಲಿ. ಬದಲಾವಣೆಯ ಕೆಲಸವನ್ನು ನವೆಂಬರಿನಲ್ಲೋ ಡಿಸೆಂಬರಿನಲ್ಲೋ ಶುರುಮಾಡಿ, ಹೊರಗಿನ ಕೇಬಲ್ ಎಳೆಯಲು, ಕಂಬ ಹತ್ತಲು ಆಗ ಹದವಾದ ಕಾಲ. ಏಪ್ರಿಲ್ ಬರುವ ಮುಂಚೆ ಅರ್ಥಿಂಗ್ ಮತ್ತು ಬ್ಯಾಟರಿಯನ್ನು ಒಮ್ಮೆ ಪರೀಕ್ಷಿಸಿ: ಒಂದು ದಿನ ಮೇನ್ ಸ್ವಿಚ್ ಆರಿಸಿ, ಕಚೇರಿಯ ಸಂಖ್ಯೆಗೆ ಗಂಟೆಗೊಮ್ಮೆ ಕರೆ ಮಾಡಿ, ಎಷ್ಟು ಗಂಟೆಯವರೆಗೆ ಯಾರಾದರೂ ಎತ್ತುತ್ತಾರೆ ಎಂದು ಬರೆದಿಟ್ಟುಕೊಳ್ಳಿ.